ಹೂಂ ಅನ್ನೋ ತೊಟ್ಟಿ

ಜೀವ ಇರೋ ನೀರಿನ ಜೊತಿ ಕೆಲಸ ಮಾಡೋರಿಗೆ ಇಂಥವು ಆಗ್ತಾನ ಇರ್ತಾವ, ನಾವು ಬ್ಯಾಡ ಅಂದ್ರೂ ಬೆನ್ನು ಬಿಡಂಗಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗೋ ದಾರಿಯಾಗ ಹಸಿರು ನೆರಳುಪರದಿ ಹೊದ್ದ ಒಂದು ಶೆಡ್ಡು ಐತಿ. ಅದು ನಮ್ದು. ಒಳಗ ನಾವು ಸ್ಪಿರುಲಿನಾ ಬೆಳಿತೀವಿ. ಅದು ಕಣ್ಣಿಗೆ ಕಾಣದ ಜೀವಿ. ಸೋಡಾ, ಉಪ್ಪು ಕಲಿಸಿದ ನೀರಿನ್ಯಾಗ ಬಿಸಿಲು ಕುಡ್ಕೊಂಡು ಬೆಳಿತೈತಿ. ಬಟ್ಟಿಯಾಗ ಸೋಸಿ, ಹಿಂಡಿ, ಒಣಗಿಸಿದ್ರ ಅರ್ಧಕ್ಕಿಂತ ಹೆಚ್ಚು ಬರೀ ಪ್ರೋಟೀನು. ಅದರ ಪುಡಿ ಮಕ್ಕಳ ಚಿಕ್ಕಿಗೆ, ಬಾಣಂತ್ಯಾರ ಉಂಡಿಗೆ ಹೋಗ್ತೈತಿ.

ನಾನು ಮೊದಲು ಹಡಗಲಿಯ ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸ್ತಿದ್ದೆ. ನಮ್ಮ ಕಡಿ ಸಾಲಿ ಟೀಚರಿಗೆ ಅಕ್ಕಾರ ಅಂತಾರ, ಅದಕ್ಕ ಇಲ್ಲೂ ಎಲ್ರೂ ನನಗ ಹಂಗ ಕರೀತಾರ. ನನ್ನ ಜೊತಿ ಮೂರು ಮಂದಿ ಹೆಣ್ಮಕ್ಕಳು ಕೆಲಸಕ್ಕದಾರ. ಅವರಾಗ ಹಿರೇಕಿ ಕೂಡ್ಲಿಗಿ ಕಡಿಯಾಕಿ. ಸೋಸಿದ ಹಸಿರು ಮುದ್ದೀನ ಶಾವಿಗಿ ಒತ್ತಿನ್ಯಾಗ ಹಾಕಿ ಎಳಿ ಎಳಿ ಒತ್ತೋದು ಆಕಿ ಕೆಲಸ. ಹಂಗಾಗಿ ಆಕಿ ಹೆಸರು ಶಾವಿಗಿ ದೊಡ್ಡವ್ವ ಅಂತಾತು. ಮೊದಲು ವರ್ಷಾ ವರ್ಷಾ ಕಾಫಿ ತೋಟಕ್ಕ ಗುಳೆ ಹೋಗ್ತಿದ್ಳು. ಮೊಣಕಾಲು ಎರಡೂ ಹೋದ್ವು. ಈ ಶೆಡ್ಡು ಆದಮ್ಯಾಲ ಗುಳೆ ಬಿಟ್ಟು ಮನಿಯಾಗ ಅದಾಳ.

ಶೆಡ್ಡಿನ ಮೂಲ್ಯಾಗ ಒಂದು ಗಾಜಿನ ತೊಟ್ಟಿ ಐತಿ, ಐದು ಕೊಡ ನೀರು ಹಿಡಿತೈತಿ. ಅದಕ್ಕ ತಾಯಿ ತೊಟ್ಟಿ ಅಂತೀವಿ. ಹಾಲಿಗೆ ಹೆಪ್ಪು ಹೆಂಗೋ ಬೆಳಿ ತಗಿಯೋ ಎರಡು ದೊಡ್ಡ ತೊಟ್ಟಿಗೆ ಇದರ ನೀರು ಹಂಗ. ಇದು ಸತ್ರ ಶೆಡ್ಡು ಮುಚ್ಚಿದಂಗ. ಶೆಡ್ಡು ಮುಚ್ಚಿದ್ರ ನಾನು ಇನ್ನೊಂದು ಸಾಲಿ ಹುಡುಕ್ಕೊಂಡೇನು, ದೊಡ್ಡವ್ವ ಮಾತ್ರ ಮತ್ತ ಗುಳೆ ಗಾಡಿ ಹತ್ತಬೇಕು. ಇಷ್ಟು ತಲಿಯಾಗ ಇಟ್ಕೊಂಡು ಮುಂದಿಂದು ಕೇಳ್ರಿ.

ಐದು ಬೆರಳು

ಹರಪನಹಳ್ಳಿಯ ಒಬ್ರು ಕಿರಾಣಿ ಸಾವುಕಾರ್ರು ಮಾಲು ನೋಡಾಕ ಬಂದಿದ್ರು. ಮಟಮಟ ಮಧ್ಯಾಹ್ನ. ದೊಡ್ಡ ತೊಟ್ಟಿಯಾಗ ನೀರು ತಿರುವೋ ಗಾಲಿ ಚಳ್ ಚಳ್ ಅಂತ ತಿರಗಾಕತ್ತಿತ್ತು. ಅವರು ನೋಡಿದವರೇ ನಕ್ಕುಬಿಟ್ರು. ಇದು ಬರೀ ಪಾಚಿ, ಇಂಥದ್ದು ನಮ್ಮೂರ ಕೆರಿಯಾಗ ಬೇಕಾದಷ್ಟು ಬಿದ್ದೈತೆ ಅಂದ್ರು. ಅಂದು ತೊಟ್ಟಿಗೆ ಕೈ ಇಳಿಬಿಟ್ರು. ಎರಡು ಬೆರಳು ಆಳಕ್ಕ ಹೋಗೂದ್ರೊಳಗ ಅವರ ಕೈ ಕಾಣದಂಗಾತು. ನಮ್ಮ ನೀರು ಅಷ್ಟು ದಟ್ಟ.

ಅದೇ ಹೊತ್ತಿಗೆ ಕರೆಂಟು ಹೋತು. ಗಾಲಿ ನಿಂತಿತು. ಶೆಡ್ಡಿನ್ಯಾಗ ಒಮ್ಮಿಗಲೇ ಗಪ್ ಅಂತ ಮೌನ. ಗಾಲಿ ನಿಂತ್ರ ಆ ಹಸಿರು ತಾನಾಗೇ ಬುಡದಿಂದ ಮ್ಯಾಲ ಏರಿ ಬರ್ತೈತಿ, ಬೆಳಕು ಹುಡುಕ್ಕೊಂಡು. ನೀರು ಅಲುಗಾಡಂಗಿಲ್ಲ, ಸಪ್ಪಳ ಇರಂಗಿಲ್ಲ, ಆದ್ರ ಮ್ಯಾಲ ಒಂದು ದಪ್ಪ ಪದರ ಕಟ್ಟತೈತಿ. ನಾನೇ ಎಷ್ಟೋ ಸಲ ಅದನ್ನ ನೋಡ್ಕೋತ ನಿಂತು ಮೈ ಝುಂ ಅನ್ನಿಸ್ಕೊಂಡೀನಿ. ಅವತ್ತು ಅದು ಸಾವುಕಾರ್ರ ಮುಂಗೈ ಸುತ್ತ ನಿಧಾನಕ್ಕ ಬಂದು ಕೂಡಾಕತ್ತಿತು.

ಇದರಾಗ ಎಷ್ಟು ಜೀವ ಅದಾವ ಅಂತ ಕೇಳಿದ್ರು. ಎಣಿಸಾಕ ಆಗಂಗಿಲ್ರಿ, ನಿನ್ನೆ ಅರ್ಧ ಸೋಸಿ ತಗದ್ವಿ, ಇವತ್ತು ನೋಡಿದ್ರ ಮತ್ತ ತುಂಬೈತಿ ಅಂದೆ. ಅವರ ಮುಖ ಬಿಳಿಚಿತು. ಹಾವಿನ ಹುತ್ತದಾಗಿಂದ ತಗದಂಗ ಮೆಲ್ಲಕ ಕೈ ಹೊರಗ ತಗದ್ರು. ಒಂದೊಂದೇ ಬೆರಳು ಮುಟ್ಟಿ ಎಣಿಸಿದ್ರು. ಇನ್ನೊಮ್ಮಿ ಎಣಿಸಿದ್ರು. ಆಮ್ಯಾಲ ನನಗ ಸಾಕ್ಷಿ ಹೇಳೋರಂಗ, "ಐದು ಅದಾವೆ ಕಣ್ರಿ" ಅಂದ್ರು.

ಆತಲ್ಲ ಅಂತ ನಾನು ಅವರನ್ನ ಕಳಿಸಾಕ ಹೋದೆ. ಹೊರಗ ಬೈಕ್ ಹತ್ತೋ ಮುಂದ ನೋಡ್ತೀನಿ, ನೀರಿಗೆ ಹಾಕದೇ ಇದ್ದ ಇನ್ನೊಂದು ಕೈಯ ಬೆರಳೂ ಎಣಿಸಾಕತ್ತಿದ್ರು.

ಕಾಗಿ ಮುಟ್ಟದ ಎಡಿ

ಶಾವಿಗಿ ಒತ್ತಿದ ಮ್ಯಾಲ ಹಸಿರು ಎಳಿಗಳನ್ನ ಬಲಿ ಬಿಗಿದ ಜಾಳಗಿ ಮ್ಯಾಲ ಬಿಸಿಲಿಗೆ ಹರವತೀವಿ. ನಮ್ಮ ಕಡಿ ಸಂಡಿಗಿ ಒಣ ಹಾಕಿದ್ರ ಕಾಗಿ ಕಾಯೋದಾ ಒಂದು ಕೆಲಸ. ಆದ್ರ ಈ ಹಸಿರು ಶಾವಿಗಿ ಕಡಿ ಒಂದು ಕಾಗಿನೂ ಬರಂಗಿಲ್ಲ. ಎದುರಿಗೆ ಬೇವಿನ ಗಿಡದಾಗ ಸಾಲಾಗಿ ಕುಂತು ಸುಮ್ನ ನೋಡ್ತಾವ. ಕೂಗೋದೂ ಇಲ್ಲ. ಮೊದಮೊದಲು ನನಗ ಅದು ಅನುಕೂಲ ಅನಿಸಿತ್ತು. ಆಮ್ಯಾಲ ಆಮ್ಯಾಲ ಮಧ್ಯಾಹ್ನದಾಗ ಅವು ನೋಡೋದನ್ನ ನೋಡಿ ನಾನು ಬೆನ್ನು ತಿರುಗಿಸಿ ಕೂಡಾಕ ಕಲಿತೆ.

ಒಂದಿನ ಇಟ್ಟಿಗಿ ಊರಿನ ಕಡಿಯ ಒಬ್ಬ ಮುದುಕಪ್ಪ ಬಸ್ಸು ತಪ್ಪಿಸ್ಕೊಂಡು ನೆರಳಿಗೆ ಅಂತ ಒಳಗ ಬಂದ. ಕೈಯಾಗ ಮಂಡಕ್ಕಿ ಮಿರ್ಚಿ ಪೊಟ್ಟಣ. ಕುಂತು ತಿನ್ನೋ ಮುಂದ ಜಾಳಗಿ ನೋಡಿದ, ಗಿಡ ನೋಡಿದ, ತಿನ್ನೋದು ನಿಲ್ಲಿಸಿದ. "ಎಷ್ಟು ದಿನದಿಂದ ಮುಟ್ಟಿಲ್ಲ?" ಅಂತ ಕೇಳಿದ. ಒಂದಿನವೂ ಮುಟ್ಟಿಲ್ಲ ಅಂದೆ.

ಅವನ ಪಾಲಿಗೆ ವಿಷಯ ಅಲ್ಲಿಗೆ ಖಾತ್ರಿ ಆತು. ಸತ್ತೋರಿಗೆ ಇಟ್ಟ ಎಡಿ ಕಾಗಿ ಮುಟ್ಟದಿದ್ರ ಸತ್ತೋರದು ಏನೋ ಆಸಿ ಉಳದೈತಿ ಅಂತ ಲೆಕ್ಕ. ಆಗ ಮನಿಯೋರು ಕೈ ಮುಗಿದು, ನಿನ್ನ ಮಗಳ ಮದುವಿ ಮಾಡ್ತೀವಿ, ನಿನ್ನ ಎತ್ತು ಮಾರಂಗಿಲ್ಲ ಅಂತ ಒಂದೊಂದೇ ಮಾತು ಕೊಡ್ಕೋತ ಹೋಗೋದು, ಕಾಗಿ ಇಳಿಯೋ ತನಕ. ಇಲ್ಲಿ ಸತ್ತೋರು ಯಾರೂ ಇಲ್ಲ ತಾತ, ಇದು ತಿನ್ನೋ ಮಾಲು ಅಂತ ಹೇಳಿದೆ. ಅವನು ಕೇಳಲಿಲ್ಲ. ಎದ್ದು ನಿಂತು ನಮ್ಮೆಲ್ಲರ ಪರವಾಗಿ ಮಾತು ಕೊಡಾಕ ಶುರು ಮಾಡಿದ. ಯಾರಿಗೆ ಅಂತ ಅವನಿಗೂ ಗೊತ್ತಿಲ್ಲ. ನಿನ್ನ ಹೊಲ ಬೀಳು ಬಿಡಂಗಿಲ್ಲ ಅಂದ. ನಿನ್ನ ಹೆಂಡ್ತೀನ ಚಂದಂಗ ನೋಡ್ಕೋತಾರ ಅಂದ. ನಿನ್ನ ತಮ್ಮನ ಜೊತಿ ಜಗಳ ಬಿಡ್ತಾರ ಅಂದ. ಕಾಗಿ ಅಲುಗಾಡಲಿಲ್ಲ. ದೊಡ್ಡವ್ವ ಸೆರಗು ತಲಿ ಮ್ಯಾಲ ಎಳ್ಕೊಂಡು ಅವನ ಪಕ್ಕ ನಿಂತ್ಕೊಂಡ್ಳು. ನನಗೂ ಯಾಕೋ ಕುಂದ್ರಾಕ ಆಗಲಿಲ್ಲ, ಎದ್ದು ನಿಂತೆ.

ಆಗ ಗಿಡದಿಂದ ಒಂದು ಕಾಗಿ ಬಿಟ್ಟ ಬಾಣದಂಗ ಇಳಿದು, ಜಾಳಗಿ ದಾಟಿ ಬಂದು, ಮುದುಕಪ್ಪನ ಕೈಯಾಗಿನ ಮಿರ್ಚಿ ಕಿತ್ಕೊಂಡು ಹೋತು.

ಅವನು ಸಮಾಧಾನದಿಂದ ಕೈ ಒರಸ್ಕೊಂಡ. "ಮಿರ್ಚಿ ಮ್ಯಾಲ ಆಸಿ ಇತ್ತು, ಪಾಪ" ಅಂತ ಹೇಳಿ ಬಸ್ಸಿಗೆ ಹೋದ. ಅವತ್ತಿಂದ ದೊಡ್ಡವ್ವ ದಿನಾ ಮಧ್ಯಾಹ್ನ ಕಟ್ಟಿ ಮ್ಯಾಲ ಒಂದು ಮಿರ್ಚಿ ಇಡ್ತಾಳ. ದಿನಾ ಹೋಗ್ತೈತಿ. ಯಾರಿಗೆ ಇಡಾಕತ್ತೀವಿ ಅಂತ ನಮಗ ಇವತ್ತಿಗೂ ಗೊತ್ತಿಲ್ಲ.

ಯಾರ ನೆತ್ರ

ಹೊಸದಾಗಿ ಕೆಲಸಕ್ಕ ಬಂದ ಹುಡುಗಿ ಭಾಳ ಚೊಕ್ಕ. ಸೋಸಿದ ಹಸಿರನ್ನ ಉಪ್ಪುನೀರಿನ್ಯಾಗಷ್ಟ ತೊಳಿಬೇಕು ಅಂತ ಹೇಳಿದ್ದೆ. ಆಕಿ ಇನ್ನೂ ಸ್ವಚ್ಛ ಆಗ್ಲಿ ಅಂತ ಕುಡಿಯೋ ಸಿಹಿನೀರಿನ್ಯಾಗ ನೆನಿಹಾಕಿಬಿಟ್ಳು. ಸಿಹಿನೀರಿಗೆ ಆ ಜೀವಿ ಒಡಿತೈತಿ, ಒಡದು ಒಳಗಿನ ಬಣ್ಣ ಸೋರತೈತಿ. ಮಧ್ಯಾಹ್ನ ಆಕಿ ಒಂದು ಗಾಜಿನ ಲೋಟ ಹಿಡ್ಕೊಂಡು ನನ್ನ ಹಂತ್ಯಾಕ ಬಂದ್ಳು. ಬಿಸಿಲಿಗೆ ಅಡ್ಡ ಹಿಡಿದ್ರ ಲೋಟದಾಗ ಅಚ್ಚ ನೀಲಿ. ಕೆಳಗ ಕರೇ ಕಲ್ಲಿನ ಮ್ಯಾಲ ಇಟ್ಟು ಬಿಸಿಲು ಬೀಳಾಕ ಬಿಟ್ರ ಕೆಂಪು, ಈಗ ಕೊಯ್ದ ಗಾಯದಂಗ. ಆಕಿ ಎತ್ತೋದು ಇಡೋದು ಮಾಡಾಕತ್ತಿದ್ಳು.

ನನ್ನ ಮೈಯಾಗಿನ ಮಾಸ್ತರಿಕಿ ಎದ್ದು ಕುಂತಿತು. ಗ್ವಾಡಿ ಮ್ಯಾಲ ಸೀಮಿಸುಣ್ಣದಾಗ ಚಿತ್ರ ಬರದು ಹೇಳಿದೆ. ಬೆಳಕು ಹಾದು ಬಂದ್ರ ಒಂದು ಬಣ್ಣ, ಅದನ್ನ ನುಂಗಿ ವಾಪಸ್ ಉಗುಳಿದ್ರ ಇನ್ನೊಂದು ಬಣ್ಣ. ಆಕಿ ಎಲ್ಲದಕ್ಕೂ ತಲಿ ಆಡಿಸಿದ್ಳು. ಹತ್ತು ವರ್ಷದ ಮಾಸ್ತರಿಕಿಯಾಗ ಅಷ್ಟು ಚಂದಂಗ ನನ್ನ ಪಾಠ ಯಾರೂ ಕೇಳಿರಲಿಲ್ಲ. ಮುಗಿಸಿ, ತಿಳೀತೇನಮ್ಮ ಅಂದೆ.

"ಎಲ್ಲಾ ತಿಳೀತ್ರಿ ಅಕ್ಕಾರ" ಅಂದ್ಳು. "ಈಗ ಇದು ಯಾರ ನೆತ್ರ, ಅದೊಂದು ಹೇಳ್ರಿ."

ಪಾಳಿ

ಈ ಬ್ಯಾಸಿಗಿಯಾಗ ದೊಡ್ಡ ತೊಟ್ಟಿ ಎರಡರೊಳಗೂ ಹಾಸಿದ್ದ ಪ್ಲಾಸ್ಟಿಕ್ ಹಾಳಿ ಹರಿದು, ಎರಡನ್ನೂ ಬರಿದು ಮಾಡಿ ಒಣಗಾಕ ಬಿಟ್ಟಿದ್ವಿ. ಮೊದಲ ಸಲ ನಮಗ ಬೀಜ ಅಂತ ಹೆಪ್ಪಿನ ನೀರು ಕೊಟ್ಟ ಜಾಗ ಬಾಗಿಲು ಹಾಕಿತ್ತು. ಜೀವ ಅಂತ ಉಳದಿದ್ದು ಗಾಜಿನ ತಾಯಿ ತೊಟ್ಟಿಯಾಗ ಮಾತ್ರ. ಅದೇ ಹೊತ್ತಿನ್ಯಾಗ ನನ್ನ ತಂಗಿ ಹಡದ್ಳು ಅಂತ ನಾನು ಹದಿನೈದು ದಿನ ಹಡಗಲಿಗೆ ಹೋದೆ. ತೊಟ್ಟಿ ಜ್ವಾಕಿ ದೊಡ್ಡವ್ವ, ಅಂತ ಹೇಳಿ ಹೋದೆ. ಆ ಮಾತು ಹೇಳಬಾರದಿತ್ತು.

ಆಕಿ ಭಾಳ ಜ್ವಾಕಿ ಮಾಡಿದ್ಳು. ಬಂದೋರೆಲ್ಲ ತೊಟ್ಟಿ ನೋಡಿ ಎಷ್ಟು ಚಂದ ಹಸಿರು ಅಂತಿದ್ರಂತ, ಅದಕ್ಕ ದೃಷ್ಟಿ ಆಗ್ತೈತಿ ಅಂತ ಆಕಿಗೆ ಹೆದರಿಕಿ. ಅಮಾಸಿ ದಿನ ಮಧ್ಯಾಹ್ನ ನಿಂಬಿಹಣ್ಣು ಕೊಯ್ದು ತೊಟ್ಟಿಗೆ ಮೂರು ಸಲ ಇಳಿ ತಗದಾಳ. ಕೈ ಜಾರಿ ಒಂದು ಹೋಳು ನೀರಿಗೆ ಬಿದ್ದೈತಿ. ಬಿದ್ದಿದ್ದೇ ತಡ, ಅದರ ಸುತ್ತ ಸೊಂಯ್ ಅಂತ ನೊರಿ ಎದ್ದೈತಿ. ಆ ಹೊತ್ತಿನ್ಯಾಗ ದೊಡ್ಡವ್ವನ ಮನಸಿನ್ಯಾಗ ಇದ್ದಿದ್ದು ಮಗಳ ಸಂಬಂಧದ ಚಿಂತಿ. ಮರುದಿನ ಹೊಸಹಳ್ಳಿಯಿಂದ ಗಂಡಿನೋರು ಹುಡುಗಿ ಒಪ್ಪಿಗಿ ಅಂತ ಹೇಳಿ ಕಳಿಸಿದ್ರು.

ಇಷ್ಟು ಸಾಕಲ್ಲ. ನಾನು ವಾಪಸ್ ಬರೂದ್ರೊಳಗ ಶೆಡ್ಡಿನ ಮುಂದ ಚಪ್ಪಲಿ ರಾಶಿ ಬಿದ್ದಿತ್ತು. ರಸ್ತಾದ ತನಕ ಪಾಳಿ ಹಚ್ಚಿ ಮಂದಿ ನಿಂತಿದ್ರು, ಎಲ್ಲರ ಕೈಯಾಗೂ ನಿಂಬಿಹಣ್ಣು. ಯಾರೂ ಮಾತಾಡವಲ್ರು. ಉರಿಬಿಸಿಲಿನ್ಯಾಗ ಮಾತ್ರ ಅದು ಎಚ್ಚರ ಇರ್ತೈತಂತ, ಅದಕ್ಕ ಎಲ್ರೂ ಹನ್ನೆರಡು ಗಂಟೆಗೇ ಬರೋರು. ಒಬ್ಬೊಬ್ರೇ ಒಳಗ ಹೋಗಿ ಮನಸಿನ್ಯಾಗ ಒಂದು ಮಾತು ಕೇಳಿ ಹೋಳು ಹಾಕಬೇಕು. ನೊರಿ ಬಂದ್ರ ಹೂಂ ಅಂದಂಗ. ಬರದಿದ್ರ ಇಲ್ಲ ಅಂದಂಗ. ಸೋಡಾ ನೀರಿಗೆ ಹುಳಿ ಬಿದ್ರ ನೊರಿ ಬರದೇ ಏನು ಮಾಡೀತು? ಎಲ್ಲರಿಗೂ ಹೂಂ ಅಂದಿತ್ತು.

ಒಂದೇ ಬದುವಿಗೆ ಹೊಡದಾಡೋ ಅಣ್ಣಗೂ ಹೂಂ, ತಮ್ಮಗೂ ಹೂಂ. ಇಬ್ರೂ ಖುಷಿಯಿಂದ ವಕೀಲರ ಮನಿಗೆ ಹೋಗಿದ್ರು. ಡೇರಿ ಅಧ್ಯಕ್ಷಗಿರಿಗೆ ನಿಂತ ಮೂವರಿಗೂ ಹೂಂ. ಗಂಡ ಕುಡಿಯೋದು ಬಿಡ್ತಾನೇನು ಅಂತ ಕೇಳಿದಾಕಿಗೆ ಹೂಂ, ಇನ್ನೊಂದು ನಾಕು ದಿನ ಕುಡಿಲೇನು ಅಂತ ಕೇಳಿದ ಆಕಿ ಗಂಡಗೂ ಹೂಂ. ಹಂಪಸಾಗರದ ಒಬ್ಬಾತ ಕಳದ ಎಮ್ಮಿ ಬಗ್ಗಿ ಕೇಳಾಕ ಬಂದಿದ್ದ. ಎಮ್ಮಿ ಬದುಕೈತೇನು? ಹೂಂ. ಮನಿಗೆ ಬರ್ತೈತೇನು? ಹೂಂ. ನನ್ನ ಮ್ಯಾಲ ಸಿಟ್ಟು ಐತೇನು? ಅದಕ್ಕೂ ಹೂಂ. ಅವನು ಹೋಗಿ ಖಾಲಿ ಕೊಟ್ಟಿಗಿ ಮುಂದ ನಿಂತು ತಪ್ಪಾತು ಅಂತ ಬೇಡ್ಕೊಂಡನಂತ.

ನನಗ ನಗಿ ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಅವತ್ತು ಇನ್ನೂ ಒಬ್ರೂ ಒಳಗ ಹೋಗೂದ್ರೊಳಗ ಪಾಳಿ ನಿಲ್ಲಿಸಿ, ಎಲ್ಲರ ಮುಂದ ಒಂದು ಲೋಟದಾಗ ಬರೀ ನೀರು, ಒಂದು ಚಮಚ ಅಡಿಗಿ ಸೋಡಾ ಹಾಕಿ, ನಿಂಬಿಹಣ್ಣು ಹಿಂಡಿದೆ. ಭುಸ್ ಅಂತ ಉಕ್ಕಿತು. ನೋಡ್ರಿ, ಇಷ್ಟ ಇದು, ಮನಿಮನಿಯಾಗೂ ಆಗ್ತೈತಿ ಅಂದೆ. ಎಲ್ರೂ ಬಾಯಿ ಬಿಟ್ಟು ನೋಡಿದ್ರು. ಮುಂದಿದ್ದ ಒಬ್ಬ ಮುದುಕಿ ಲೋಟಕ್ಕ ಕೈ ಮುಗಿದು, "ಹಂಗಾರ ಆ ತಾಯಿ ಎಲ್ಲರ ಮನಿಯಾಗೂ ಅದಾಳ ಅನ್ರಿ" ಅಂದ್ಳು.

ಮಂದೀನ ಕಳಿಸಿ ತೊಟ್ಟಿ ನೋಡಿದೆ. ಹಸಿರು ಹೋಗಿ ಒಣ ಎಲಿ ಬಣ್ಣ ಆಗಿತ್ತು. ಬುಡದಾಗ ನಿಂಬಿ ಹೋಳಿನ ರಾಶಿ. ಕೊಳೆತ ವಾಸನಿ. ಇಷ್ಟು ಹುಳಿ ಕುಡಿದ್ರ ಯಾವ ಜೀವ ಉಳದೀತು?

ದೊಡ್ಡವ್ವ ಗ್ವಾಡಿಗೆ ಒರಗಿ ನಿಂತಿದ್ಳು. ನಿನ್ನೆ ಎಲ್ರೂ ಹೋದಮ್ಯಾಲ ತಾನೂ ಒಂದು ಹೋಳು ಹಾಕಿದೆ ಅಂತ ಹೇಳಿದ್ಳು. ಹದಿನೈದು ದಿನದಾಗ ಅದೊಂದಕ್ಕ ಮಾತ್ರ ನೊರಿ ಬರಲಿಲ್ಲಂತ. ನೀರು ಮಿಸುಕಾಡಲಿಲ್ಲಂತ.

"ಏನು ಕೇಳಿದ್ದಿ?" ಅಂದೆ.

"ನೀ ಬದುಕ್ತೀಯೇನವ್ವಾ ಅಂತ ಕೇಳಿದ್ನ್ರಿ."

ಹುಳಿಗೆ ಸೋಡಾ ಎಲ್ಲಾ ಖರ್ಚಾಗಿತ್ತು, ಸೋಡಾ ಇಲ್ಲಂದ್ರ ನೊರಿ ಬರಂಗಿಲ್ಲ. ಸೋಡಾ ಇಲ್ಲಂದ್ರ ಜೀವನೂ ಉಳಿಯಂಗಿಲ್ಲ. ಲೆಕ್ಕ ಅಂದ್ರ ಲೆಕ್ಕ. ಆದ್ರ ಊರಿಗೆಲ್ಲಾ ಸುಳ್ಳು ಹೂಂ ಅಂದ ತೊಟ್ಟಿ, ಕೇಳಬಾರದ್ದನ್ನ ಕೇಳಿದಾಗ ಖರೇ ಹೇಳಿತ್ತು.

ಬಕೀಟು

ಹೋಳು ಎಲ್ಲಾ ಬಾಚಿ ತಗದೆ. ಅರ್ಧ ನೀರು ಬದಲಿಸಿ, ಒಂದು ಕಿಲೊ ಸೋಡಾ ಕಲಿಸಿ, ತೊಟ್ಟಿ ಮ್ಯಾಲ ತೆಳ್ಳನ ಬಟ್ಟಿ ನೆರಳು ಕಟ್ಟಿದೆ. ಮೂಲ್ಯಾಗ ಎಲ್ಲೋ ಒಂದು ಚೂರು ಜೀವ ಉಳದಿದ್ರ ಅದು ಮತ್ತ ಬೆಳಿಬೇಕು. ಉಳದಿಲ್ಲಂದ್ರ ಇಲ್ಲ. ಕಾಯೋದು ಬಿಟ್ಟು ಬ್ಯಾರೆ ದಾರಿ ಇರಲಿಲ್ಲ. ಅದೇ ದಿನ ಕಾಫಿ ತೋಟದ ಮೇಸ್ತ್ರಿ ದೊಡ್ಡವ್ವಗ ಫೋನು ಮಾಡಿದ, ಗಾಡಿ ಬರ್ತೈತಿ, ಬರ್ತೀಯೋ ಇಲ್ಲೋ ಅಂತ. ಒಂದು ವಾರ ತಡಿಯಪ್ಪ ಅಂದ್ಳು. ಸಂಜಿಮುಂದ ಅಟ್ಟದ ಮ್ಯಾಲಿದ್ದ ಗುಳೆ ಗಂಟಿನ ಚೀಲ ಇಳಿಸಿ ಜಾಡಿಸಿ ಇಟ್ಟಾಳ ಅಂತ ಆಕಿ ಮಗಳು ಹೇಳಿದ್ಳು. ನನಗ ಊಟ ಸೇರಲಿಲ್ಲ.

ಮಂದಿ ಮಾತ್ರ ಬರೋದು ಬಿಡಲಿಲ್ಲ. ಬೈದ್ರೂ ಬಂದ್ರು. ಕಡೀಕ ಸಾಕಾಗಿ ಗೇಟಿನ ಹಂತ್ಯಾಕ ಒಂದು ಬಕೀಟು ಇಟ್ಟು ನೀರು ತುಂಬಿ ಸೋಡಾ ಹಾಕಿದೆ. ತೊಟ್ಟಿಗೆ ಮೈಯಾಗ ಸಮ ಇಲ್ಲ, ಏನಿದ್ರೂ ಇದರಾಗ ಕೇಳ್ರಿ ಅಂತ ಹೇಳಿದೆ. ನಾನು, ವಿಜ್ಞಾನದ ಮಾಸ್ತರಿಣಿ. ಪಾಪ, ಅವರು ನಂಬಿದ್ರು. ದಿನಾ ಮುಂಜಾನಿ ಒಂದು ಮುಷ್ಟಿ ಸೋಡಾ ಹಾಕೋದು ನನ್ನ ಕೆಲಸ ಆತು. ಬಂದವರ್ಯಾರೂ ಇಲ್ಲ ಅನ್ನಿಸ್ಕೊಂಡು ಹೋಗೋ ಹಂಗ ಆಗಬಾರದು ಅಂತ ನನಗ ಅನಿಸಾಕತ್ತಿತ್ತು.

ಆರು ದಿನ ಆತು. ತೊಟ್ಟಿ ಹಂಗ ಇತ್ತು, ಸತ್ತೈತೋ ಮಲಗೈತೋ ತಿಳಿಯದಂಗ. ನಾಳೆ ಮೇಸ್ತ್ರಿ ಗಾಡಿ. ಮಧ್ಯಾಹ್ನ ಎಲ್ರೂ ಉಣ್ಣಾಕ ಹೋಗಿದ್ರು. ಬೇವಿನ ಗಿಡದಾಗ ಎಲಿ ಅಲುಗಾಡವಲ್ದು. ಶೆಡ್ಡಿನ್ಯಾಗ ನಾನೊಬ್ಬಾಕಿ. ಅತ್ತ ಇತ್ತ ನೋಡಿದೆ. ನನ್ನ ಕೈಯಾಗ ಕೊಯ್ದ ನಿಂಬಿಹಣ್ಣು ಹೆಂಗ ಬಂತೋ ಗೊತ್ತಿಲ್ಲ. ತಾಯಿ ತೊಟ್ಟಿ ಮ್ಯಾಲ ಕೈ ಚಾಚಿ ನಿಂತಿದ್ದೆ.

ಹಿಂದಿನಿಂದ ದೊಡ್ಡವ್ವನ ದನಿ ಬಂತು. "ಅಕ್ಕಾರ, ನಿಮ್ಮ ಬಕೀಟು ಆ ಕಡಿ ಐತ್ರಿ."

ನಾಚಿಕಿಯಿಂದ ನನಗ ಭೂಮಿಯೊಳಗ ಇಳಿದು ಹೋಗೋಣ ಅನ್ನಿಸ್ತು. ಆಕಿ ನಗಲಿಲ್ಲ. ನನ್ನ ಕೈ ಹಿಡಿದು ಬಕೀಟಿನ ಮುಂದ ಕರ್ಕೊಂಡು ಹೋಗಿ ನಿಲ್ಲಿಸಿದ್ಳು. ಕಣ್ಣು ಮುಚ್ಚಿ, ಅದು ಬದುಕ್ತೈತೇನು, ಈಕಿ ಉಳಿತಾಳೇನು ಅಂತ ಕೇಳಿ ಹೋಳು ಬಿಟ್ಟೆ.

ಏನೂ ಆಗಲಿಲ್ಲ. ಹೋಳು ಒಂದು ಸುತ್ತು ತಿರುಗಿ ಸುಮ್ನ ತೇಲಿತು. ಒಂದು ಗುಳ್ಳಿ ಏಳಲಿಲ್ಲ.

ಮುಂಜಾನಿ ಚಿಂತಿಯಾಗ ನಾನೇ ಸೋಡಾ ಹಾಕಾಕ ಮರ್ತಿದ್ದೆ. ಅದು ನನಗ ಗೊತ್ತಿತ್ತು. ನಿನ್ನೆ ಬಂದೋರ ಹುಳಿಗೆ ಎಲ್ಲಾ ಖರ್ಚಾಗೈತಿ ಅನ್ನೋದೂ ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ಮಣ್ಣಿನ್ಯಾಗ ಕುಂತೆ. ಇಲ್ಲ ಅಂತು ದೊಡ್ಡವ್ವ, ಇಲ್ಲ ಅಂತು ಅಂತ ಸಣ್ಣ ಹುಡುಗ್ಯಾರಂಗ ಅತ್ತೆ. ಅದಾದ ನಾಕನೇ ದಿನಕ್ಕ ತೊಟ್ಟಿಯ ಒಂದು ಅಂಚಿನ್ಯಾಗ ಎಳಿ ಹಸಿರು ಕಂಡಿತು, ಅಷ್ಟ್ರಾಗ ದೊಡ್ಡವ್ವ ಹತ್ತದೇ ಗಾಡಿ ಹೋಗಿತ್ತು, ಇವತ್ತು ಎರಡೂ ದೊಡ್ಡ ತೊಟ್ಟಿ ತುಂಬಿ ನಿಂತಾವ. ಆದ್ರ ಆ ಗಳಿಗ್ಯಾಗ ಇದ್ಯಾವುದೂ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ದೊಡ್ಡವ್ವ ನನ್ನನ್ನ ಹಂಗೇ ಅಳಾಕ ಬಿಟ್ಟು ಕುಂಟಿಕೋತ ಒಳಗ ಹೋದ್ಳು. ಮುಷ್ಟಿ ಬಿಗಿ ಹಿಡ್ಕೊಂಡು ಬಂದ್ಳು. ಬಕೀಟಿಗೆ ಸೋಡಾ ಸುರುವಿ, ಮೊಣಕೈ ತನಕ ಕೈ ಹಾಕಿ ಚಲೋತ್ನಾಗ ತಿರುವಿದ್ಳು. ಸೆರಗಿಗೆ ಕೈ ಒರಸ್ಕೊಂಡು, ಉಳದಿದ್ದ ಇನ್ನೊಂದು ಹೋಳು ನನ್ನ ಅಂಗೈಯಾಗ ಇಟ್ಳು.

"ಈಗ ಕೇಳ್ರಿ."